ಸೊಗಡಿನ ಋತು

ಹೊಲದಲ್ಲಿ ಬೆಳೆದುದನ್ನು ಬೆಳೆದ ಋತುವಿನಲ್ಲಿಯೇ ಉಣಬಡಿಸುತ್ತೇವೆಂದು ಸಾರುವ ಉಪಾಹಾರಗೃಹಗಳು ಈಚೆಗೆ ನಗರಗಳಲ್ಲಿ ತಲೆಯೆತ್ತಿ, ತಮ್ಮ ಚಳಿಗಾಲದ ತಿನಿಸುಪಟ್ಟಿಯನ್ನು ನೂತನವಾದ ಸಾಧನೆಯೆಂಬಂತೆ ಮುಂದಿಡುವುದನ್ನು ಕಂಡಾಗಲೆಲ್ಲ, ಹಳೆಯ ಮೈಸೂರು ಸೀಮೆಯವನಾದ ನನ್ನ ಮನಸ್ಸು ಅವರೆಕಾಯಿಯ ಕಡೆಗೆ ಹರಿಯುತ್ತದೆ. ಮಾರ್ಗಶಿರ ಪುಷ್ಯಗಳಲ್ಲಿ ಮಾಗಡಿ, ಕನಕಪುರ, ಹೊಸಕೋಟೆ, ಕೋಲಾರ, ಚಿಂತಾಮಣಿಗಳ ಮನೆಗಳಲ್ಲಿ ಒಲೆಯ ಮೇಲೆ ಏನು ಬೇಯಬೇಕೆಂಬುದನ್ನು ಗೃಹಿಣಿಗಿಂತ ಮೊದಲೇ ಹೊಲವು ಗೊತ್ತುಮಾಡಿರುತ್ತಿತ್ತು.

ಅವರೆಯ ಗಿಡಕ್ಕೆ ಹಗಲಿರುಳುಗಳ ಅಳತೆ ತಿಳಿಯುತ್ತದೆ. ಆಷಾಢದಲ್ಲಿ ಬಿತ್ತಿದರೂ, ಮಳೆ ಹದವಾಗಿ ಸುರಿದರೂ, ಹಗಲು ದೀರ್ಘವಾಗಿರುವವರೆಗೆ ಅದು ಎಲೆಯನ್ನೂ ಬಳ್ಳಿಯನ್ನೂ ಬೆಳೆಸಿಕೊಳ್ಳುವುದೇ ಹೊರತು ಹೂವನ್ನು ಬಿಡದು. ದಕ್ಷಿಣಾಯನವು ಮುಂದುವರಿದು ಇರುಳು ನೀಳವಾದ ಮೇಲೆಯೇ ಅದು ಹೂವಿಗೆ ತಿರುಗುತ್ತದೆ. ರಾಗಿಯ ಹೊಲದಲ್ಲಿ ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಹಲವು ಸಾಲು ರಾಗಿಗೆ ಒಂದು ಸಾಲಿನಂತೆ ಅವರೆಯನ್ನೋ ತೊಗರಿಯನ್ನೋ ಬಿಡುವ ಅಕ್ಕಡಿಯ ಪದ್ಧತಿಯು ಈ ಸ್ವಭಾವವನ್ನು ಚೆನ್ನಾಗಿ ಅರಿತವರು ಕಂಡುಕೊಂಡ ಪದ್ಧತಿ. ರಾಗಿಯ ಕೊಯ್ಲು ಮುಗಿದು ಹೊಲ ಬಯಲಾದಾಗ, ಅದುವರೆಗೆ ಪೈರಿನ ನಡುವೆ ಒತ್ತಿಕೊಂಡಿದ್ದ ಅವರೆಯು ನೆಲದಲ್ಲಿ ಉಳಿದ ತೇವವನ್ನೂ ಬೆಳಗಿನ ಇಬ್ಬನಿಯನ್ನೂ ನೆಚ್ಚಿ ಮೈದುಂಬಿಕೊಳ್ಳುತ್ತದೆ. ಆಗ ಕಾಯಿಯ ಸಿಪ್ಪೆಯ ಮೇಲೆ ಜಿಡ್ಡಿನಂಥ ಅಂಟೊಂದು ಮೂಡಿ, ಬಿಡಿಸಿದವರ ಬೆರಳುಗಳಲ್ಲಿ ದಿನವೆಲ್ಲ ನಿಲ್ಲುವಂಥ ಗಂಧವನ್ನು ಬೀರುತ್ತದೆ. ಆ ಗಂಧಕ್ಕೇ ನಮ್ಮವರು ಸೊಗಡೆಂದು ಹೆಸರಿಟ್ಟಿದ್ದಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ರೈತರ ಮಾತು.

ಈ ಕಾಳಿನ ಪ್ರಾಚೀನತೆ ಸಾಮಾನ್ಯವಾದುದಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ, ಮೂರು ಸಹಸ್ರ ವರ್ಷಗಳಿಗೂ ಹಿಂದೆ ಒಲೆಯ ಬೆಂಕಿಗೆ ಸಿಕ್ಕಿ ಕರಿಕಾಗಿ ಉಳಿದ ಹುರುಳಿ ಹೆಸರುಗಳ ಜೊತೆಯಲ್ಲಿ ಅವರೆಯೂ ದೊರೆತಿದೆ. ಬೇಟೆಯಲ್ಲಿ ದಾರಿತಪ್ಪಿದ ವೀರಬಲ್ಲಾಳನು ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನುಂಡು ತಣಿದುದರಿಂದ ಬೆಂದಕಾಳೂರೆಂಬ ಹೆಸರಾಯಿತೆಂಬ ಕಥೆಯನ್ನು ಎಲ್ಲರೂ ಬಲ್ಲರು. ಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಕ್ರಿ.ಶ. 900ರ ಸುಮಾರಿನ ಗಂಗರ ಕಾಲದ ವೀರಗಲ್ಲು ಬೆಂಗಳೂರಿನ ಕಾಳಗವೊಂದನ್ನು ಆಗಲೇ ಹೆಸರಿಸಿರುವುದರಿಂದ ಕಥೆಯು ಚರಿತ್ರೆಯಾಗಿ ನಿಲ್ಲದು. ಆದರೂ ಅರಸನ ಹಸಿವನ್ನು ಹಿಂಗಿಸುವುದಕ್ಕೆ ಜನರ ಕಲ್ಪನೆಯು ಹಾಲನ್ನಾಗಲಿ ಅನ್ನವನ್ನಾಗಲಿ ಆರಿಸದೆ ಕಾಳನ್ನೇ ಆರಿಸಿತಲ್ಲ, ಈ ನೆಲದ ಊಟದ ವಿಷಯದಲ್ಲಿ ಅದು ನಿಜವನ್ನೇ ನುಡಿಯುತ್ತದೆಂದು ನಾನು ನಂಬಿದ್ದೇನೆ.

ಹೊಲವೂ ಅಡುಗೆಮನೆಯೂ ಬೇರೆ ಬೇರೆ ವಿದ್ಯೆಗಳೆಂಬ ಭಾವನೆ ನಮ್ಮ ಪೂರ್ವಿಕರಿಗೆ ಇದ್ದಂತೆ ತೋರುವುದಿಲ್ಲ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ನೆಲದಡಿಯ ನೀರನ್ನು ಅರಸುವ ಬಗೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ ಇವೆಲ್ಲವೂ ಒಂದೇ ಗ್ರಂಥದ ಅಧ್ಯಾಯಗಳಾಗಿ ನಿಂತಿವೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಈ ಸೀಮೆಯನ್ನು ಸುತ್ತಿನೋಡಿದ ಫ್ರಾನ್ಸಿಸ್ ಬುಕಾನನ್ ರಾಗಿಯ ನಡುವೆ ಸಾಲುಗಟ್ಟಿ ಬೆಳೆದ ಅವರೆ ತೊಗರಿಗಳನ್ನು ಕಂಡು, ಬಿತ್ತನೆಯ ಕ್ರಮವನ್ನು ಶ್ರದ್ಧೆಯಿಂದ ಬರೆದಿಟ್ಟನು. ಹೊಸ ಆಳಿಕೆಗೆ ನಾಡಿನ ವಿವರವನ್ನು ಒದಗಿಸಲು ಬಂದ ಆ ವೈದ್ಯನು ಬಣ್ಣಿಸಿದ ಅಕ್ಕಡಿಯನ್ನು ಇಂದಿಗೂ ನಮ್ಮ ರಾಗಿಯ ಹೊಲಗಳಲ್ಲಿ ಕಾಣಬಹುದು.

ಮನೆಯೊಳಗಿನ ಚರಿತ್ರೆಯನ್ನು ಬರೆದಿಟ್ಟವರು ವಿರಳ. ಅದು ಕೈಯಿಂದ ಕೈಗೆ ಬಂದದ್ದು. ಕಾಯಿ ಬಲಿತ ವಾರದಿಂದ ಬೆಳಗಿನ ಉಪ್ಪಿಟ್ಟಿಗೆ ಕಾಳು ಸೇರುತ್ತಿತ್ತು, ಅಕ್ಕಿರೊಟ್ಟಿಯ ಹಿಟ್ಟಿಗೆ ಸಬ್ಬಸಿಗೆ ಸೊಪ್ಪಿನೊಡನೆ ಸೇರುತ್ತಿತ್ತು, ಮಧ್ಯಾಹ್ನದ ಹುಳಿಯಲ್ಲಿ ಬದನೆಕಾಯಿಯ ಜೊತೆಗೂಡುತ್ತಿತ್ತು. ಆದರೆ ಈ ಋತುವಿನ ನಿಜವಾದ ಪಕ್ವಾನ್ನವೆಂದರೆ ಹಿದುಕಿದ ಬೇಳೆಯ ಸಾರು. ಬಿಡಿಸಿದ ಕಾಳನ್ನು ನೀರಿನಲ್ಲಿ ನೆನೆಯಿಟ್ಟು, ಊಟ ಮುಗಿದ ಮೇಲೆ ಮನೆಮಂದಿಯೆಲ್ಲ ಪಾತ್ರೆಯ ಸುತ್ತ ಕುಳಿತು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದೇ ಕಾಳನ್ನು ಹಿದುಕಿ, ಸಿಪ್ಪೆಯಿಂದ ಜಾರಿ ಹೊರಬೀಳುವ ಎಳೆಹಸಿರು ಬೇಳೆಯನ್ನು ಕೂಡಿಹಾಕುವ ಕೆಲಸವು ಒಬ್ಬರಿಂದ ಆಗುವಂಥದಲ್ಲ. ಅಜ್ಜಿಯ ಕಥೆಗೂ ನೆರೆಮನೆಯ ವಾರ್ತೆಗೂ ಮಕ್ಕಳ ಪಂದ್ಯಕ್ಕೂ ಅದೇ ಹೊತ್ತು. ಮರುದಿನ ಹಸಿ ಮಸಾಲೆಯನ್ನು ರುಬ್ಬಿ ಕುದಿಸಿದ ಆ ಸಾರಿನಲ್ಲಿ ಬಿಸಿ ಮುದ್ದೆಯನ್ನು ಅದ್ದಿ ನುಂಗುವಾಗ, ಒಂದೇ ಹೊಲದಲ್ಲಿ ಅಕ್ಕಪಕ್ಕ ಬೆಳೆದ ಎರಡು ಪೈರುಗಳು ಒಂದೇ ತಟ್ಟೆಯಲ್ಲಿ ಮತ್ತೆ ಸೇರುತ್ತಿದ್ದುವು. ಧನುರ್ಮಾಸದ ಹುಗ್ಗಿಯನ್ನು ದಾಟಿ ಸಂಕ್ರಾಂತಿಯ ದಿನ ಎಳ್ಳುಬೆಲ್ಲ, ಕಬ್ಬುಗಳ ಪಕ್ಕದಲ್ಲಿ ಬೇಯಿಸಿದ ಅವರೆಕಾಯಿಯೂ ಇದ್ದರೇ ಹಬ್ಬ. ನಿಷ್ಪಾವವೆಂದು ಇದನ್ನು ಕರೆದ ಆಯುರ್ವೇದವು ಜೀರ್ಣಕ್ಕೆ ಗುರುವೆಂದಿತು. ಆದರೆ ಹೇಮಂತದಲ್ಲಿ ಜಠರಾಗ್ನಿಯು ಪ್ರಬಲವಾಗಿರುವುದೆಂದು ಹೇಳಿದುದೂ ಅದೇ ಶಾಸ್ತ್ರವಾದುದರಿಂದ, ಗುರುವಾದ ಕಾಳು ಬಲವಾದ ಹಸಿವಿನ ಕಾಲಕ್ಕೇ ಬರುವುದು ನನಗೆ ಯೋಗ್ಯವಾಗಿಯೇ ಕಾಣುತ್ತದೆ.

ಹೋಟೆಲಿನ ಕಥೆ ಬೇರೆ. ಕರಾವಳಿಯಿಂದ ಬಂದವರು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಉಪಾಹಾರಗೃಹಗಳ ಕೀರ್ತಿಯು ನಿಂತದ್ದು ಮಾರ್ಪಡದ ರುಚಿಯ ಮೇಲೆ: ಚೈತ್ರದ ಇಡ್ಲಿಗೂ ಪುಷ್ಯದ ಇಡ್ಲಿಗೂ ಭೇದವಿರಬಾರದು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ರವೆಯ ಇಡ್ಲಿಯನ್ನು ಹುಟ್ಟಿಸಿತೆಂದು ಹೇಳುವರು; ಅಡುಗೆಯು ಅಲ್ಲಿ ಅಭಾವಕ್ಕೆ ಮಣಿಯಿತು, ಋತುವಿಗೆ ಮಣಿದದ್ದಲ್ಲ. ಅಂಥ ಋತುರಹಿತವಾದ ಹಲಗೆಯ ಮೇಲೂ ಡಿಸೆಂಬರಿನಲ್ಲಿ ‘ಅವರೆಕಾಳು ಉಪ್ಪಿಟ್ಟು’ ಎಂಬ ಸೀಮೆಸುಣ್ಣದ ಬರಹವು ಬರಲಾರಂಭಿಸಿದುದು, ಗಿರಾಕಿಗಳು ತಮ್ಮ ಮನೆಯ ಪಂಚಾಂಗವನ್ನು ಅಲ್ಲಿಗೂ ಹೊತ್ತುಕೊಂಡು ಹೋದುದರ ಗುರುತು. ಈಗ ಸಜ್ಜನರಾವ್ ವೃತ್ತದ ತಿಂಡಿಬೀದಿಯಲ್ಲಿ ಹೆಸರಾದ ಅವರೆಬೇಳೆ ಮೇಳದಲ್ಲಿ ದೋಸೆಯಿಂದ ಜಿಲೇಬಿಯವರೆಗೆ ಎಲ್ಲದರಲ್ಲಿಯೂ ಅವರೆ ಸೇರಿದೆ. ಜಿಲೇಬಿಯನ್ನು ನನ್ನ ನಾಲಗೆ ಒಪ್ಪಲಿಲ್ಲ. ಉಪ್ಪಿಟ್ಟಿಗೆ ಮಾತ್ರ ಎರಡು ಸಲ ಸಾಲಿನಲ್ಲಿ ನಿಂತೆ.

ಈ ನಡುವೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಅಳತೆಗೆ ಕಾಯದೆ ಹೂಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ರೂಪಿಸಿದ್ದಾರೆ. ಯಾವ ತಿಂಗಳಲ್ಲಿ ಬಿತ್ತಿದರೂ ಅವು ಫಲಿಸುವುದರಿಂದ, ನೀರಿರುವ ರೈತನ ಕೈಗೆ ಬೇಸಗೆಯಲ್ಲಿಯೂ ಕಾಸು ಸೇರುವಂತಾಯಿತು. ಅದನ್ನು ಹಳಿಯುವ ಹಕ್ಕು ಉಣ್ಣುವವನಿಗಿಲ್ಲ. ಆದರೆ ಜ್ಯೇಷ್ಠದ ಕಾಯಿಯಲ್ಲಿ ಕಾಳಿರುತ್ತದೆ, ಸೊಗಡು ಕಡಮೆ. ಆದುದರಿಂದಲೇ ಪುಷ್ಯದ ಮುಂಜಾನೆ ಮಾಗಡಿಯ ಕಡೆಯಿಂದ ಚೀಲಗಳು ಬಂದಿಳಿಯುವ ಮಾರುಕಟ್ಟೆಯಲ್ಲಿ, ವಯಸ್ಸಾದ ಹೆಂಗಸರು ಬೆಲೆಯನ್ನು ಕೇಳುವುದಕ್ಕೆ ಮೊದಲು ರಾಶಿಯಿಂದ ಒಂದು ಕಾಯನ್ನು ಎತ್ತಿ, ಉಗುರಿನಿಂದ ಮೆಲ್ಲನೆ ಗೀರಿ ಮೂಗಿನ ಬಳಿಗೆ ಹಿಡಿಯುತ್ತಾರೆ. ಮಾರುವವನೂ ಅದುವರೆಗೆ ತಕ್ಕಡಿಯನ್ನು ಮುಟ್ಟದೆ ಕಾದಿರುತ್ತಾನೆ.