ಐಬಿಎಸ್ ಬರೀ ಟೆನ್ಷನ್ ಕಾಯಿಲೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಐಬಿಎಸ್ ಅಂದರೆ ಬರೀ ಟೆನ್ಷನ್, ಮನಸ್ಸು ಗಟ್ಟಿ ಮಾಡಿಕೊಂಡರೆ ಹೊಟ್ಟೆ ತಾನಾಗಿ ಸರಿಹೋಗುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ.

ಐಬಿಎಸ್ ಎಂದರೇನು?

ಇರಿಟಬಲ್ ಬವೆಲ್ ಸಿಂಡ್ರೋಮ್ ಇರುವವರಿಗೆ ಪದೇ ಪದೇ ಹೊಟ್ಟೆನೋವು ಬರುತ್ತದೆ, ಜೊತೆಗೆ ಭೇದಿ, ಮಲಬದ್ಧತೆ ಅಥವಾ ಎರಡೂ ಕಾಡುತ್ತವೆ. 2016ರ ರೋಮ್ 4 ಮಾನದಂಡದಂತೆ, ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು. ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ 1 ದಿನವಾದರೂ ನೋವು ಬಂದಿರಬೇಕು.

ಒತ್ತಡ ಏನು ಮಾಡುತ್ತದೆ?

ಮೆದುಳು ಮತ್ತು ಕರುಳು ನರಗಳು, ಹಾರ್ಮೋನುಗಳ ಮೂಲಕ ಸದಾ ಸಂಪರ್ಕದಲ್ಲಿರುತ್ತವೆ. ಒತ್ತಡ ಹೆಚ್ಚಾದಾಗ ಕರುಳಿನ ಚಲನೆ ಏರುಪೇರಾಗುತ್ತದೆ, ಸ್ವಲ್ಪ ಗ್ಯಾಸ್ ಕೂಡ ನೋವಾಗಿ ಕಾಣುತ್ತದೆ. ಐಬಿಎಸ್ ಇರುವ ಒಬ್ಬರು ನಿಪ್ಪಾಣಿಯಿಂದ ಕೊಲ್ಹಾಪುರದ ಬಸ್ ಹತ್ತಿದ್ದಾರೆ ಎನ್ನೋಣ. ಕೊಗನೊಳ್ಳಿ ಟೋಲ್ ನಾಕಾದಲ್ಲಿ ಗಾಡಿಗಳ ಸಾಲು ನಿಂತರೆ, "ಈಗ ಹೊಟ್ಟೆ ಕೆಟ್ಟರೆ ಎಲ್ಲಿಗೆ ಹೋಗಲಿ?" ಎಂಬ ಭಯ ಶುರು. ಭಯದಿಂದ ನೋವು, ನೋವಿನಿಂದ ಇನ್ನಷ್ಟು ಭಯ. ಈ ನೋವು ನಿಜವಾದದ್ದು, ನಾಟಕವಲ್ಲ.

ಆದರೆ ಒತ್ತಡವೊಂದೇ ಕಾರಣವಲ್ಲ. ಹಿಂದೆ ಆಗಿದ್ದ ಕರುಳಿನ ಸೋಂಕು, ಕರುಳಿನ ಸೂಕ್ಷ್ಮಜೀವಿಗಳು, ಕೆಲವು ಆಹಾರಗಳೂ ಪಾತ್ರ ವಹಿಸುತ್ತವೆ.

ಮನಸ್ಸು ಗಟ್ಟಿ ಇದ್ದರೆ ಸಾಕೇ?

ಕಷ್ಟದಿಂದ ಚೇತರಿಸಿಕೊಳ್ಳುವ ಶಕ್ತಿ ಐಬಿಎಸ್ ಇರುವವರಲ್ಲಿ ಸರಾಸರಿ ಕಡಿಮೆ ಎಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ವರದಿ ಮಾಡಿತು. ಹಾಗೆಂದು ಅವರು ಪುಕ್ಕಲರು ಎಂದರ್ಥವಲ್ಲ. ವರ್ಷಗಟ್ಟಲೆ ನೋವು ಉಂಡರೆ ಯಾರ ಶಕ್ತಿಯಾದರೂ ಕುಗ್ಗಬಹುದು. ಒಳ್ಳೆಯ ಸುದ್ದಿ ಏನೆಂದರೆ, ಈ ಶಕ್ತಿಯನ್ನು ಬೆಳೆಸಿಕೊಳ್ಳಬಹುದು.

ಏನು ಮಾಡಬೇಕು?

• ಮೊದಲು ವೈದ್ಯರಿಗೆ ತೋರಿಸಿ.
• ಏನು ತಿಂದಾಗ, ಯಾವ ಸಂದರ್ಭದಲ್ಲಿ ನೋವು ಬರುತ್ತದೆ ಎಂದು ಬರೆದಿಡಿ.
• ಸಾಕಷ್ಟು ನಿದ್ದೆ, ದಿನವೂ ನಡಿಗೆ, ನಿಧಾನ ಉಸಿರಾಟದ ಅಭ್ಯಾಸ ಇರಲಿ.
• ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿಂದ ಹಲವರಿಗೆ ನೋವು ಕಡಿಮೆಯಾಗುತ್ತದೆ.
• ಒತ್ತಡ ತಡೆಯಲಾಗದಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡಬಹುದು.

ಇವನ್ನು ಟೆನ್ಷನ್ ಎನ್ನಬೇಡಿ

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ: ಇವು ಬೇರೆ ಕಾಯಿಲೆಯ ಸೂಚನೆ ಆಗಿರಬಹುದು. ತಡಮಾಡದೆ ಪರೀಕ್ಷೆ ಮಾಡಿಸಿ.

ನಮ್ಮ ತೀರ್ಮಾನ: ಒತ್ತಡ ಐಬಿಎಸ್ ಅನ್ನು ಕೆರಳಿಸುತ್ತದೆ ಎಂಬುದು ನಿಜ, "ಬರೀ ಟೆನ್ಷನ್" ಎಂಬುದು ತಪ್ಪು. ಫಾರ್ವರ್ಡ್ ಮಾಡುವುದಾದರೆ ಎರಡನ್ನೂ ಸೇರಿಸಿ ಮಾಡಿ.