ಸ್ನಾನ ಯಾವ ಇಲಾಖೆಯದು?

1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ವಯಸ್ಸಾದವರ ಆರೈಕೆ ಮಾಡುತ್ತಿದ್ದವರಿಗೆಲ್ಲ ಗೊತ್ತಿದ್ದ ಒಂದು ಜಗಳವಿತ್ತು. ಒಂಟಿಯಾಗಿರುವ ಅಜ್ಜಿಗೆ ಮನೆಯಲ್ಲಿ ಯಾರಾದರೂ ಸ್ನಾನ ಮಾಡಿಸಬೇಕು. ಚರ್ಮದ ಕಾಯಿಲೆಗೋ ಹುಣ್ಣಿಗೋ ಅದು ಬೇಕಾಗಿದ್ದರೆ ಅದು ‘ಆರೋಗ್ಯದ ಸ್ನಾನ’. ಎನ್‌ಎಚ್‌ಎಸ್‌ ಎಂಬ ಸರ್ಕಾರಿ ಆರೋಗ್ಯ ಸೇವೆಯ ದಾದಿ ಬರುತ್ತಾಳೆ, ಪೈಸೆ ಖರ್ಚಿಲ್ಲ. ಬರೀ ಮೈ ಶುಚಿಗಾದರೆ ‘ಸಾಮಾಜಿಕ ಸ್ನಾನ’. ಊರಿನ ಆಡಳಿತ ನಡೆಸುವ ಕೌನ್ಸಿಲ್ ಕಳಿಸಿದ ಸಹಾಯಕಿ ಬರುತ್ತಾಳೆ, ಅಜ್ಜಿಯ ಉಳಿತಾಯ ನೋಡಿ ಬಿಲ್ಲು ಹಾಕುತ್ತಾರೆ. ಎರಡು ಕಚೇರಿಗಳ ನಡುವೆ ಪತ್ರ ಓಡಾಡುತ್ತಿದ್ದಷ್ಟು ದಿನವೂ ಅಜ್ಜಿಗೆ ಸ್ನಾನವಿಲ್ಲ.

ಈ ಗೆರೆ ಬಿದ್ದದ್ದು 1948ರ ಜುಲೈ 5ರಂದು. ಎನ್‌ಎಚ್‌ಎಸ್‌ ಹುಟ್ಟಿದ ದಿನವೇ ರಾಷ್ಟ್ರೀಯ ನೆರವಿನ ಕಾಯಿದೆಯೂ ಜಾರಿಗೆ ಬಂತು. ಚಿಕಿತ್ಸೆ ಎಲ್ಲರಿಗೂ ಉಚಿತವಾಯಿತು, ಅದರ ಖರ್ಚು ದೇಶದ ತೆರಿಗೆಯಿಂದ. ವೃದ್ಧರ ವಸತಿ ಮತ್ತು ಆರೈಕೆ ಸ್ಥಳೀಯ ಕೌನ್ಸಿಲ್‌ಗಳ ಪಾಲಾಯಿತು. ಅಲ್ಲಿ ಆದಾಯ, ಆಸ್ತಿ ನೋಡಿಯೇ ಶುಲ್ಕ. ಆಗ ಎಂಬತ್ತು ದಾಟಿದವರು ಕಡಿಮೆ ಇದ್ದರು, ಹಾಗಾಗಿ ಬಿರುಕು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. 1974ರ ಆರೋಗ್ಯ ಸೇವೆಯ ಪುನರ್ರಚನೆಯಲ್ಲಿ ಅದು ಅಗಲವಾಯಿತು. ಅಲ್ಲಿಯವರೆಗೆ ಮನೆಮನೆಗೆ ಹೋಗುವ ದಾದಿಯರನ್ನು ನೋಡಿಕೊಳ್ಳುತ್ತಿದ್ದದ್ದು ಕೌನ್ಸಿಲ್‌ಗಳೇ. ಆ ವರ್ಷ ಅವರೆಲ್ಲ ಎನ್‌ಎಚ್‌ಎಸ್‌ಗೆ ಹೋದರು, ಮನೆಗೆಲಸದ ಸಹಾಯಕಿಯರು ಕೌನ್ಸಿಲ್‌ನಲ್ಲೇ ಉಳಿದರು.

ತಪ್ಪು ಬೇಗ ಅರಿವಾಯಿತು. ಎರಡೇ ವರ್ಷಕ್ಕೆ, 1976ರಲ್ಲಿ, ‘ಜಂಟಿ ಹಣಕಾಸು’ ಎಂಬ ಪುಟ್ಟ ಅನುದಾನ ಬಂತು. ಆರೋಗ್ಯದ ಬಜೆಟ್‌ನಿಂದ ಒಂದಿಷ್ಟು ತೆಗೆದು ಕೌನ್ಸಿಲ್‌ನ ಆರೈಕೆ ಯೋಜನೆಗಳಿಗೆ ಕೊಡುವ ಏರ್ಪಾಡು ಅದು. ಕೆಲವು ವರ್ಷಗಳ ನಂತರ ಆ ಖರ್ಚು ಕೌನ್ಸಿಲ್‌ನ ತಲೆಗೇ ಬರುತ್ತಿದ್ದರಿಂದ ಅನೇಕ ಊರುಗಳು ಕೈ ಚಾಚಲು ಹಿಂದೇಟು ಹಾಕಿದವು. 1988ರಲ್ಲಿ ಸರ್ ರಾಯ್ ಗ್ರಿಫಿತ್ಸ್ ಸರ್ಕಾರಕ್ಕೆ ಕೊಟ್ಟ ವರದಿ, ಅದರ ಬೆನ್ನಿಗೆ 1990ರ ಕಾಯಿದೆ, ಸಮುದಾಯದಲ್ಲಿ ಆರೈಕೆಯ ಮುಂದಾಳತ್ವವನ್ನು ಕೌನ್ಸಿಲ್‌ಗಳಿಗೆ ಒಪ್ಪಿಸಿದವು. ಹೊಣೆ ಯಾರದೆಂಬುದು ಸ್ವಲ್ಪ ಸ್ಪಷ್ಟವಾಯಿತು, ಆದರೆ ಹಣದ ಚೀಲಗಳು ಎರಡಾಗಿಯೇ ಉಳಿದವು.

ಆ ಚೀಲಗಳನ್ನು ಒಂದು ಮಾಡಲು ಕಾನೂನಿನ ದಾರಿ ತೆರೆದದ್ದು 1999ರ ಆರೋಗ್ಯ ಕಾಯಿದೆ. ಅದರ 31ನೇ ಸೆಕ್ಷನ್ ಪ್ರಕಾರ ಆರೋಗ್ಯ ಸಂಸ್ಥೆಯೂ ಕೌನ್ಸಿಲೂ ಹಣವನ್ನು ಒಂದೇ ನಿಧಿಗೆ ಸುರಿಯಬಹುದು. ಆಮೇಲೆ ಆ ಪೌಂಡು ಯಾರ ಕಡೆಯಿಂದ ಬಂತೆಂದು ಕೇಳಬೇಕಿಲ್ಲ. 2006ರ ಕಾಯಿದೆಯಲ್ಲಿ ಇದೇ 75ನೇ ಸೆಕ್ಷನ್ ಆಯಿತು. ಇಂದಿಗೂ ಕೌನ್ಸಿಲ್ ಕಚೇರಿಗಳಲ್ಲಿ ‘ಸೆಕ್ಷನ್ 75’ ಎಂದರೆ ಸಾಕು, ವಿವರಿಸಬೇಕಿಲ್ಲ.

ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡ ಊರು ಟಾರ್‌ಬೇ. ಅದು ಡೆವನ್ ಕೌಂಟಿಯ ಕಡಲತೀರದಲ್ಲಿದೆ, ಅಲ್ಲಿ ನಿವೃತ್ತರು ಹೆಚ್ಚು. ಅಲ್ಲಿನವರು ಚರ್ಚೆಯನ್ನು ಹಣದಿಂದ ಶುರುಮಾಡಲಿಲ್ಲ, ‘ಮಿಸೆಸ್ ಸ್ಮಿತ್’ ಎಂಬ ಕಲ್ಪಿತ ಅಜ್ಜಿಯಿಂದ ಶುರುಮಾಡಿದರು. ಆಕೆಗೆ ಒಂದು ಸಹಾಯ ಬೇಕಾದರೆ ಎಷ್ಟು ಜನಕ್ಕೆ ಫೋನ್ ಮಾಡಬೇಕು, ಒಂದೇ ಕಥೆಯನ್ನು ಎಷ್ಟು ಸಲ ಹೇಳಬೇಕು ಎಂದು ಕೇಳಿಕೊಂಡರು. ಬ್ರಿಕ್ಸ್‌ಹ್ಯಾಮ್ ಎಂಬ ಮೀನುಗಾರರ ಪಟ್ಟಣದಲ್ಲಿ ಮೊದಲ ಪ್ರಯೋಗವಾಯಿತು, 2005ರ ಕೊನೆಗೆ ಇಡೀ ಟಾರ್‌ಬೇಗೆ ಒಂದೇ ಆರೈಕೆ ಟ್ರಸ್ಟ್ ಬಂತು. ದಾದಿ, ಸಮಾಜ ಕಾರ್ಯಕರ್ತೆ, ಫಿಸಿಯೋಥೆರಪಿಸ್ಟ್ ಒಂದೇ ತಂಡದಲ್ಲಿ ಕೂತರು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅವರ ನಡುವಿದ್ದ ‘ಸಂಯೋಜಕಿ’. ಆಕೆ ವೈದ್ಯೆಯಲ್ಲ, ದಾದಿಯೂ ಅಲ್ಲ. ಫೋನ್ ಎತ್ತುವವಳು, ಯಾರನ್ನು ಕಳಿಸಬೇಕೆಂದು ತಿಳಿದವಳು. ಒಟ್ಟು ನಿಧಿ ಇದ್ದದ್ದರಿಂದ ಕಮೋಡ್ ಕುರ್ಚಿಯಾಗಲಿ ವಾರದ ಮಟ್ಟಿಗೆ ಸಹಾಯಕಿಯಾಗಲಿ ಬೇಕೆಂದಾಗ ಬೇರೆ ಕಚೇರಿಯ ಒಪ್ಪಿಗೆಗೆ ಕಾಯಬೇಕಿರಲಿಲ್ಲ. ಅರವತ್ತೈದು ದಾಟಿದವರು ತುರ್ತಾಗಿ ಆಸ್ಪತ್ರೆ ಸೇರಿ ಕಳೆಯುವ ದಿನಗಳು ಅಲ್ಲಿ ಗಣನೀಯವಾಗಿ ಇಳಿದವು.

ಟಾರ್‌ಬೇಯ ಯಶಸ್ಸನ್ನು ನೋಡಿ ಲಂಡನ್ನಿನ ಸರ್ಕಾರ ಕಲಿತದ್ದು ಅರ್ಧ ಪಾಠ, ಹಣ ಕೂಡಿಸುವುದನ್ನು ಮಾತ್ರ, ಎಂಬುದು ನನ್ನ ತೀರ್ಮಾನ. 2013ರ ಜೂನ್‌ನಲ್ಲಿ ಸರ್ಕಾರ ಘೋಷಿಸಿದ ಜಂಟಿ ನಿಧಿಗೆ ಮುಂದೆ ‘ಬೆಟರ್ ಕೇರ್ ಫಂಡ್’ ಎಂದು ಹೆಸರಾಯಿತು. 2015–16ಕ್ಕೆ 380 ಕೋಟಿ ಪೌಂಡ್. ಅದರಲ್ಲಿ ಬಹುಪಾಲು ಹೊಸ ಹಣವಲ್ಲ, ಎನ್‌ಎಚ್‌ಎಸ್‌ನ ಸ್ಥಳೀಯ ಬಜೆಟ್‌ನಿಂದ ಕಡಿದು ತಂದದ್ದು. ಸುಮಾರು 150 ಕಡೆ ಕೌನ್ಸಿಲೂ ಎನ್‌ಎಚ್‌ಎಸ್‌ ಕೂಡಿ ಯೋಜನೆ ಬರೆಯಬೇಕು, ಸ್ಥಳೀಯ ಆರೋಗ್ಯ ಮತ್ತು ಯೋಗಕ್ಷೇಮ ಮಂಡಳಿ ಅದಕ್ಕೆ ಸಹಿ ಹಾಕಬೇಕು. ಇದರಿಂದ ಮೊದಲ ವರ್ಷವೇ 100 ಕೋಟಿ ಉಳಿಯುತ್ತದೆಂದು ಸರ್ಕಾರ ಎಣಿಸಿತ್ತು. 2014ರ ಏಪ್ರಿಲ್‌ನಲ್ಲಿ ಊರುಗಳು ಕಳಿಸಿದ ಯೋಜನೆಗಳನ್ನು ಕೂಡಿಸಿದಾಗ ಸಿಕ್ಕಿದ್ದು ಐದೂವರೆ ಕೋಟಿ. ಎಲ್ಲರೂ ಮತ್ತೆ ಬರೆಯಬೇಕಾಯಿತು.

2017ರ ಫೆಬ್ರವರಿಯಲ್ಲಿ ಬಂದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಮನಸ್ಸಿಗೆ ನೋವು ತರುವಂಥದ್ದು. ನಿಧಿಯ ಮೊದಲ ವರ್ಷ ತುರ್ತು ದಾಖಲಾತಿ 1,06,000 ಇಳಿಯಬೇಕಿತ್ತು, 87,000 ಏರಿತ್ತು. ಗುಣವಾದರೂ ಮನೆಗೆ ಹೋಗಲಾಗದೆ ಜನ ಆಸ್ಪತ್ರೆಯಲ್ಲಿ ಕಳೆದ ದಿನಗಳು 1,85,000 ಹೆಚ್ಚಿದ್ದವು. ಆದರೆ ಇನ್ನೊಂದು ಅಂಕಿಯೂ ಅಲ್ಲೇ ಇತ್ತು, ಅದನ್ನು ಮರೆಯಬಾರದು. ಕಾಯಂ ಆಗಿ ಕೇರ್ ಹೋಂ ಸೇರಿದ ವೃದ್ಧರ ಪ್ರಮಾಣ ಗುರಿಗಿಂತಲೂ ಕಡಿಮೆಯಾಗಿತ್ತು. ಅಂದರೆ ಜನರಿಗೆ ಒಂದಿಷ್ಟು ಒಳಿತಾಗಿತ್ತು, ಹಣ ಮಾತ್ರ ಉಳಿದಿರಲಿಲ್ಲ.

ಯಾಕೆ ಉಳಿಯಲಿಲ್ಲ? ಕೌನ್ಸಿಲ್ ಖರ್ಚು ಮಾಡಿ ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸುತ್ತದೆ. ಅಜ್ಜ ಜಾರಿ ಬೀಳುವುದಿಲ್ಲ, ಸೊಂಟದ ಮೂಳೆ ಮುರಿಯುವುದಿಲ್ಲ. ಉಳಿದ ಹಾಸಿಗೆ ಆಸ್ಪತ್ರೆಯದು. ಅದರಲ್ಲಿ ಅದೇ ಸಂಜೆ ಇನ್ನೊಬ್ಬರು ಮಲಗಿರುತ್ತಾರೆ, ವಾರ್ಡ್ ಮುಚ್ಚುವುದಿಲ್ಲ, ಸಂಬಳ ಇಳಿಯುವುದಿಲ್ಲ. ಕೌನ್ಸಿಲ್‌ಗೆ ವಾಪಸು ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಇದರ ಮೇಲೆ ಕೌನ್ಸಿಲ್ ಕಾನೂನಿನ ಪ್ರಕಾರ ಪ್ರತಿ ವರ್ಷ ಆಯವ್ಯಯ ಸರಿದೂಗಿಸಲೇಬೇಕು, ಆಸ್ಪತ್ರೆಗಳು ಕೊರತೆಯಲ್ಲೂ ನಡೆಯುತ್ತವೆ. 2010ರ ನಂತರ ಕೇಂದ್ರದ ಅನುದಾನ ಕುಗ್ಗುತ್ತ ಹೋಯಿತು. 2018ರಲ್ಲಿ ನಾರ್ಥಾಂಪ್ಟನ್‌ಷೈರ್ ಕೌನ್ಸಿಲ್ ಹೊಸ ಖರ್ಚನ್ನೇ ನಿಲ್ಲಿಸಬೇಕಾಯಿತು. ತೂತು ಬಿದ್ದ ಎರಡು ಕೊಡಗಳ ನೀರನ್ನು ಒಂದೇ ಹಂಡೆಗೆ ಹೊಯ್ದರೆ ನೀರು ಹೆಚ್ಚಾಗುವುದಿಲ್ಲ.

ನೆರೆಯವರು ಬೇರೆ ದಾರಿ ಹಿಡಿದಿದ್ದರು. ಉತ್ತರ ಐರ್ಲೆಂಡಿನಲ್ಲಿ 1973ರಿಂದಲೂ ಆರೋಗ್ಯ ಮತ್ತು ಆರೈಕೆ ಒಂದೇ ಆಡಳಿತದಲ್ಲಿವೆ. ಸ್ಕಾಟ್ಲೆಂಡ್ 2014ರ ಕಾಯಿದೆಯಿಂದ ಜಂಟಿ ಬಜೆಟ್ಟನ್ನು ಕಡ್ಡಾಯ ಮಾಡಿತು. ಆದರೆ ಆರೈಕೆಗಾಗಿ ಕಾಯುವವರ ಸರದಿ ಅಲ್ಲೂ ಮುಗಿದಿಲ್ಲ.

ಇಂಗ್ಲೆಂಡ್ 2022ರ ಜುಲೈಯಲ್ಲಿ ಆರೋಗ್ಯ ಮತ್ತು ಆರೈಕೆಯನ್ನು ಜೋಡಿಸಲು 42 ಸಮಗ್ರ ಆರೈಕೆ ಮಂಡಳಿಗಳನ್ನು ತಂದಿತು.   ಬೆಟರ್ ಕೇರ್ ಫಂಡ್ 2025–26ರ ಹೊತ್ತಿಗೆ ಸುಮಾರು 900 ಕೋಟಿ ಪೌಂಡ್‌ಗೆ ಬೆಳೆದಿದೆ. 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಇದ್ದವರು ಆರೈಕೆಯ ಪೂರ್ತಿ ಖರ್ಚು ತಾವೇ ಭರಿಸಬೇಕೆಂಬ ಮಿತಿ ಮಾತ್ರ 2010ರಿಂದ ಕದಲಿಲ್ಲ. ಇಡೀ ವ್ಯವಸ್ಥೆಯ ಪರಿಶೀಲನೆಗೆ ಬ್ಯಾರನೆಸ್ ಲೂಯಿಸ್ ಕೇಸಿ ಆಯೋಗ ಕೂತಿದೆ, ಅಂತಿಮ ವರದಿಗೆ 2028ರ ಗಡುವು.

ಈ ನಡುವೆ ಆ 42 ಮಂಡಳಿಗಳ ಆಡಳಿತ ವೆಚ್ಚವನ್ನು ಅರ್ಧಕ್ಕೆ ಇಳಿಸಬೇಕೆಂದು 2025ರಲ್ಲಿ ಆದೇಶವಾಗಿದೆ. ಕಡಿತಕ್ಕೆ ಸಿಗುವವರು ಕೌನ್ಸಿಲ್‌ನವರ ಜೊತೆ ವರ್ಷಗಟ್ಟಲೆ ಕೂತು ಜಂಟಿ ಯೋಜನೆ ಬರೆದ ನೌಕರರು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವವರು. ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ವಾರ್ಡಿನಲ್ಲಿ ಅಜ್ಜಿಯೊಬ್ಬರು ಕೋಟು ತೊಟ್ಟು, ಔಷಧಿಯ ಚೀಲ ಮಡಿಲಲ್ಲಿಟ್ಟು ಮನೆಗೆ ಹೊರಡಲು ಕಾದಿರುತ್ತಾರೆ. ನಾಳೆ ಬೆಳಿಗ್ಗೆ ಅವರ ಮನೆಗೆ ಯಾರು ಹೋಗುತ್ತಾರೆಂದು ಕೇಳಲು ಕೌನ್ಸಿಲ್ ಕಚೇರಿಯಿಂದ ಫೋನ್ ಹೋದಾಗ, ಆ ಕಡೆ ಎತ್ತುವವರು ಇರಬೇಕು.