ಮದರಾಸಿನ ಅಲೆತಡೆ

ಮದರಾಸಿಗೆ ಹೋಗಿಬಂದ ನಮ್ಮವರು ಮರೀನಾ ಮರಳದಂಡೆಯನ್ನು ಹೊಗಳದೆ ಇರುವುದಿಲ್ಲ. ಅಷ್ಟು ವಿಶಾಲವಾದ ಮರಳು ಅನಾದಿಯಿಂದಲೂ ಅಲ್ಲಿಯೇ ಇದ್ದಿತೆಂದು ನಾವೂ ಬಹುಕಾಲ ನಂಬಿದ್ದೆವು. ಒಂದು ಬಿಸಿಲಿನ ದಿನ, ಅಪ್ಪಣೆ ಪಡೆದು, ಬಂದರಿನ ಅಲೆತಡೆಯ ಗೋಡೆಯ ಮೇಲೆ ನಿಂತಾಗ ಆ ನಂಬಿಕೆ ಸಡಿಲವಾಯಿತು. ಆ ಗೋಡೆಯ ಕಥೆಯನ್ನೇ ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇವೆ.

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರು 1639ರಲ್ಲಿ ಇಲ್ಲಿ ನೆಲವನ್ನು ಪಡೆದಾಗ ಅವರಿಗೆ ದೊರೆತದ್ದು ಬಯಲು ಕರಾವಳಿ. ಹಡಗಿಗೆ ಆಸರೆಯಾಗುವ ಕೊಲ್ಲಿಯಾಗಲಿ ಆಳವಾದ ನದೀಮುಖವಾಗಲಿ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ದಡಕ್ಕೂ ಅವಕ್ಕೂ ನಡುವೆ ಸಾಲುಸಾಲಾಗಿ ಒಡೆಯುವ ಅಲೆಗಳು. ಗವರ್ನರನಾದರೂ ಸರಿ, ಗುಮಾಸ್ತೆಯಾದರೂ ಸರಿ, ಮಸೂಲಾ ದೋಣಿಯನ್ನು ಏರಿಯೇ ಈ ಅಲೆಗಳನ್ನು ದಾಟಬೇಕಾಗಿದ್ದಿತು. ಆ ದೋಣಿಗೆ ಕಬ್ಬಿಣದ ಮೊಳೆ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಿದ್ದರು. ಮೊಳೆ ಹೊಡೆದ ದೋಣಿ ಅಲೆಯ ಪೆಟ್ಟಿಗೆ ಒಡೆಯುತ್ತದೆ, ಹೊಲಿದ ದೋಣಿ ಬಳುಕಿ ಉಳಿಯುತ್ತದೆ. ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಕಲಿಯದ ಬೆಸ್ತರ ಬುದ್ಧಿ ಇದು! ದೋಣಿಯ ಜೊತೆಯಲ್ಲಿ ಕಟ್ಟುಮರದವರು ಸಾಗುತ್ತಿದ್ದರು. ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವುದು ಅವರ ಕೆಲಸ. ಎಲ್ಲರೂ ಕೈಗೆ ಸಿಕ್ಕುತ್ತಿರಲಿಲ್ಲ. ಸರಕು ನೆನೆಯುವುದೂ ಕಳುವಾಗುವುದೂ ಇದ್ದೇ ಇದ್ದಿತು.

1861ರಲ್ಲಿ ಕಬ್ಬಿಣದ ಕಂಬಗಳ ಮೇಲೆ ಕಡಲಿನೊಳಕ್ಕೆ ಚಾಚಿದ ಒಂದು ಸೇತುವೆ ಸಿದ್ಧವಾಯಿತು. ಅದು ಇಳಿಯುವುದಕ್ಕೆ ನೆರವಾಯಿತೇ ಹೊರತು ಹಡಗಿಗೆ ಆಸರೆಯಾಗಲಿಲ್ಲ. ಕಡೆಗೆ ವಿಲಿಯಂ ಪಾರ್ಕ್ಸ್ ಎಂಬ ಇಂಜಿನಿಯರನ ಯೋಜನೆಯಂತೆ ದಡದಿಂದ ಎರಡು ತೋಳುಗಳನ್ನು ಚಾಚಿ ಕಡಲಿನ ಒಂದು ತುಂಡನ್ನು ಅಪ್ಪಿಕೊಳ್ಳುವುದೆಂದು ನಿಶ್ಚಯವಾಯಿತು. ವೇಲ್ಸ್ ರಾಜಕುಮಾರನು, ಎಂದರೆ ಮುಂದೆ ಏಳನೆಯ ಎಡ್ವರ್ಡ್ ಆದವನು, 1875ರ ಡಿಸೆಂಬರಿನಲ್ಲಿ ಕಲ್ಲು ನೆಟ್ಟನು. ತಳದಲ್ಲಿ ಒರಟು ಕಲ್ಲಿನ ರಾಶಿ, ಅದರ ಮೇಲೆ ಭಾರಿ ಕಾಂಕ್ರೀಟ್ ದಿಂಡುಗಳು; ಗೋಡೆ ವರ್ಷವರ್ಷವೂ ಕಡಲಿನೊಳಕ್ಕೆ ಬೆಳೆಯಿತು.

ಕೆಲಸ ಮುಗಿಯುತ್ತ ಬಂದಿದ್ದಾಗ, 1881ರ ನವೆಂಬರಿನಲ್ಲಿ, ಚಂಡಮಾರುತ ಬಂದಿತು. ಅರ್ಧ ಮೈಲಿಗೂ ಹೆಚ್ಚಿನ ಗೋಡೆ ಹಾಳಾಯಿತು. ಮೇಲಿನ ದಿಂಡುಗಳು ಉರುಳಿಹೋದವು. ಅವನ್ನು ಎತ್ತಿಡುತ್ತಿದ್ದ ದೈತ್ಯಾಕಾರದ ಕ್ರೇನುಗಳೂ ಕಡಲಿಗೆ ಬಿದ್ದವು. ಮತ್ತೆ ಕಟ್ಟಿ ಮುಗಿಸುವ ವೇಳೆಗೆ ಶತಮಾನವೇ ಕೊನೆಗಾಣುತ್ತಿದ್ದಿತು. ಆದರೂ ಬಾಗಿಲು ಪೂರ್ವಕ್ಕೆ, ತೆರೆದ ಕಡಲಿಗೆ ಎದುರಾಗಿಯೇ ಇದ್ದುದರಿಂದ ಅಲೆಗಳು ಒಳಕ್ಕೆ ನುಗ್ಗುವುದು ತಪ್ಪಲಿಲ್ಲ. 1904ರಲ್ಲಿ ಬಂದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಆ ಬಾಗಿಲನ್ನು ಮುಚ್ಚಿಸಿ ಈಶಾನ್ಯದಲ್ಲಿ ಬೇರೊಂದನ್ನು ತೆರೆಸಿದ ಮೇಲೆಯೇ ಹಡಗುಗಳಿಗೆ ನೆಮ್ಮದಿ. ಮಸೂಲಾ ದೋಣಿಯವರ ಕಸುಬಿಗೆ ಕುತ್ತು ಬಂದದ್ದೂ ಈ ನೆಮ್ಮದಿಯಿಂದಲೇ ಎಂಬುದನ್ನು ಬಂದರಿನ ಚರಿತ್ರೆ ಬರೆಯುವವರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಇನ್ನು ಮರಳಿನ ವಿಷಯ. ಈ ಕರಾವಳಿಯಲ್ಲಿ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ನೈಋತ್ಯ ಮಾರುತದ ಕಾಲದ ಅಲೆಗಳು ಅದನ್ನು ಉತ್ತರಕ್ಕೆ ಒಯ್ಯುತ್ತವೆ, ಈಶಾನ್ಯ ಮಾರುತದವು ದಕ್ಷಿಣಕ್ಕೆ ತರುತ್ತವೆ. ಲೆಕ್ಕ ಕೂಡಿದರೆ ಉತ್ತರದ ಕಡೆಗೇ ಹೆಚ್ಚು, ವರ್ಷಕ್ಕೆ ಲಕ್ಷಗಟ್ಟಲೆ ಟನ್ನು. ಅಡ್ಡಲಾಗಿ ಗೋಡೆ ಹಾಕಿದೊಡನೆ ಆ ಮರಳೆಲ್ಲ ಗೋಡೆಯ ದಕ್ಷಿಣದಲ್ಲಿ ತಡೆದು ನಿಂತಿತು. ಹಳೆಯ ಚಿತ್ರಗಳಲ್ಲಿ ಅಲೆಗಳು ಸೇಂಟ್ ಜಾರ್ಜ್ ಕೋಟೆಯ ಹತ್ತಿರದಲ್ಲಿಯೇ ಒಡೆಯುತ್ತವೆ. ಈಗ ಕೋಟೆಗೂ ನೀರಿಗೂ ನಡುವೆ ರಸ್ತೆ ಹಾಯ್ದಿದೆ. ಗವರ್ನರ್ ಗ್ರಾಂಟ್ ಡಫ್ 1884ರ ಸುಮಾರಿನಲ್ಲಿ ದಡದುದ್ದಕ್ಕೂ ವಿಹಾರಮಾರ್ಗವನ್ನು ಮಾಡಿಸಿ ಮರೀನಾ ಎಂದು ಹೆಸರಿಟ್ಟನು. ನಾವು ಕಡಲೆಕಾಯಿ ತಿನ್ನುತ್ತ ಅಡ್ಡಾಡುವ ಮರಳಿನ ಬಹುಭಾಗವನ್ನು ತಂದು ಹಾಸಿದ್ದು ಈ ಗೋಡೆಯೇ.

ದಕ್ಷಿಣಕ್ಕೆ ಬಂದದ್ದು ಉತ್ತರಕ್ಕೆ ಹೋಗಬೇಕಾಗಿದ್ದುದಲ್ಲವೇ? ಗೋಡೆಯಿಂದ ಇಳಿದು ನಾವು ರಾಯಪುರದ ಕಡೆಗೆ ಹೋದೆವು. ಅಲ್ಲಿ ದಂಡೆ ಎಂಬುದೇ ಇಲ್ಲ. ರಸ್ತೆಯ ಪಕ್ಕದಲ್ಲಿ ಆನೆಗಾತ್ರದ ಬಂಡೆಗಳನ್ನು ಸುರಿದಿದ್ದಾರೆ. ಅಲೆ ಬಂದು ನೇರವಾಗಿ ಅವಕ್ಕೆ ಬಡಿಯುತ್ತದೆ. ಬಂಡೆಯ ಮೇಲೆ ಬಲೆ ಒಣಗಿಸುತ್ತಿದ್ದ ಒಬ್ಬ ಮುದುಕನನ್ನು ನಮಗೆ ಬರುವ ಹರಕು ತಮಿಳಿನಲ್ಲಿ ಮಾತನಾಡಿಸಿದೆವು. ಅವರ ತಾತನ ಮನೆ ಎಲ್ಲಿದ್ದಿತೆಂದು ಕೇಳಿದಾಗ ಅವರು ಹಿಂದಕ್ಕೆ, ಊರಿನ ಕಡೆಗೆ, ತಿರುಗಲಿಲ್ಲ. ಬಲೆಯನ್ನು ಬಿಟ್ಟು ಕೈಯೆತ್ತಿ, ಬಿಸಿಲಿಗೆ ಹೊಳೆಯುತ್ತಿದ್ದ ನೀರಿನ ಮೇಲೆ, ಎರಡನೆಯ ಅಲೆ ಒಡೆಯುತ್ತಿದ್ದ ಕಡೆಯನ್ನು ತೋರಿಸಿದರು.